ಇಳಿಯುವಾಗಿನ ಎಚ್ಚರ

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಈಡೇಲ್ ಎಂಬ ಪುಟ್ಟ ಹಳ್ಳಿಯಿದೆ. ಅದರ ದಕ್ಷಿಣಕ್ಕೆ 517 ಮೀಟರ್ ಎತ್ತರದ ಮ್ಯಾಮ್ ಟಾರ್, ಉತ್ತರಕ್ಕೆ 636 ಮೀಟರಿನ ಕಿಂಡರ್ ಸ್ಕೌಟ್. ಮಕ್ಕಳನ್ನು ಕಾಣಲು ಆ ನಾಡಿಗೆ ತೆರಳುವ ಹಿರಿಯರು ಇವನ್ನು ಸಣ್ಣ ಗುಡ್ಡಗಳೆಂದು ಹಗುರವಾಗಿ ಎಣಿಸಬಾರದು. ಏರುವಾಗ ದಣಿದರೆ ಉಸಿರೇ ನಮ್ಮನ್ನು ನಿಲ್ಲಿಸುತ್ತದೆ. ಇಳಿಯುವಾಗ ಅಂಥ ಎಚ್ಚರಿಕೆ ದೊರೆಯದು. ಆಗ ತೊಡೆಯ ಮುಂಭಾಗದ ಸ್ನಾಯುಗಳು ದೇಹಭಾರವನ್ನು ತಡೆಯುತ್ತಲೇ ನೀಳವಾಗಬೇಕಾಗುತ್ತದೆ. ಅವುಗಳ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗಿ, ನೋವು ಮರುದಿನವೋ ಮೂರನೆಯ ದಿನವೋ ತಲೆದೋರುತ್ತದೆ. ಮೊಣಕಾಲಿನ ಚಿಪ್ಪಿನ ಮೇಲೂ ಒತ್ತಡ ಹೆಚ್ಚುತ್ತದೆ. ಆದುದರಿಂದ ಶಿಖರದಲ್ಲಿ ಬೆಚ್ಚನೆಯ ಉಡುಪನ್ನು ಧರಿಸಿ, ಕಣಿವೆಯ ಸೊಬಗನ್ನು ಸವಿಯುತ್ತ ವಿಶ್ರಮಿಸಿದ ಬಳಿಕವೇ ನಾವು ಇಳಿಯತೊಡಗಬೇಕು. ಕಿರುಹೆಜ್ಜೆಯಿರಲಿ, ಮೊಣಕಾಲು ತುಸು ಬಾಗಿರಲಿ, ಅರ್ಧಭಾರವನ್ನಲ್ಲದಿದ್ದರೂ ಒಂದಿಷ್ಟನ್ನು ಊರುಗೋಲು ಹೊರಲಿ. ಅದನ್ನು ಹಿಡಿಯಲು ನಮ್ಮವರು ನಾಚುತ್ತಾರೆ. ಅಲ್ಲಿ ತರುಣರೂ ಎರಡೆರಡು ಹಿಡಿದು ನಡೆಯುತ್ತಾರೆ.