ಹಳೆಯ ಲ್ಯಾಪ್‌ಟಾಪಿಗೆ ನವಯೌವನ

ಹತ್ತು ಹನ್ನೆರಡು ವರ್ಷ ದುಡಿದ ಲ್ಯಾಪ್‌ಟಾಪಿನ ಗುಂಡಿಯನ್ನೊತ್ತಿ, ಅದು ಎಚ್ಚರಗೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿಯನ್ನು ಕುಡಿದು ಮುಗಿಸಬಹುದೆಂಬುದು ಅನೇಕ ವಿದ್ಯಾರ್ಥಿಗಳ ಅನುಭವ. “ಇದಕ್ಕೆ ವಯಸ್ಸಾಯಿತು, ಇನ್ನು ಗುಜರಿಗೇ ಸರಿ” ಎಂದು ಮನೆಯವರು ತೀರ್ಮಾನಿಸುತ್ತಾರೆ. ಹೊಸದನ್ನು ಕೊಳ್ಳುವ ಅನುಕೂಲವಿಲ್ಲದವರಿಗೆ ಈ ತೀರ್ಪು ಓದಿಗೇ ಕುತ್ತು. ಆದಕಾರಣ, ತಪ್ಪು ಯಂತ್ರದ ಯಾವ ಅಂಗದ್ದೆಂದು ಮೊದಲು ವಿಚಾರಿಸುವುದು ನ್ಯಾಯವಲ್ಲವೆ?

ಲೆಕ್ಕ ಮಾಡುವ ಪ್ರೊಸೆಸರು ಸೆಕೆಂಡಿಗೆ ಕೋಟಿಗಟ್ಟಲೆ ಕ್ರಿಯೆಗಳನ್ನು ನಡೆಸಬಲ್ಲುದು. ಅದನ್ನು ಕಾಯಿಸುವ ಸೋಮಾರಿ ಬಹುಮಟ್ಟಿಗೆ ಹಾರ್ಡ್ ಡಿಸ್ಕು. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಗಾತ್ರ ಕುಗ್ಗಿದರೂ ತತ್ತ್ವ ಬದಲಾಗಿಲ್ಲ: ಕಾಂತೀಯ ತಟ್ಟೆ ತಿರುಗಬೇಕು, ಓದುವ ತೋಳು ಸರಿದಾಡಬೇಕು.

ಸ್ವಲ್ಪ ಗಣಿತ ಮಾಡೋಣ. ಲ್ಯಾಪ್‌ಟಾಪಿನ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಭಾಗ ತೋಳಿನ ಕೆಳಗೆ ಬರಲು ಸರಾಸರಿ ಅದರರ್ಧ. ತೋಳು ಸರಿಯಲು ಇನ್ನೊಂದು 12 ಎಂದಿಟ್ಟುಕೊಂಡರೆ ಒಟ್ಟು 17 ಮಿಲಿಸೆಕೆಂಡುಗಳಷ್ಟಾಯಿತು. ಅಲ್ಲಲ್ಲಿ ಚದುರಿದ 10,000 ತುಣುಕುಗಳನ್ನು ಓದಬೇಕಾದರೆ ಹತ್ತಿರಹತ್ತಿರ ಮೂರು ನಿಮಿಷ! ತುಣುಕೊಂದಕ್ಕೆ ಸುಮಾರು 0.1 ಮಿಲಿಸೆಕೆಂಡು ಸಾಕೆನ್ನುವ ಎಸ್.ಎಸ್.ಡಿ. ಇದೇ ಕೆಲಸವನ್ನು ಒಂದು ಸೆಕೆಂಡಿನಲ್ಲಿ ಮುಗಿಸುತ್ತದೆ.

ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ಸಿಲಿಕಾನ್ ಚಿಪ್ಪಿನ ಸೂಕ್ಷ್ಮಕೋಶಗಳಲ್ಲಿ, ಅವಾಹಕದ ಗೋಡೆಯೊಳಗೆ, ಎಲೆಕ್ಟ್ರಾನುಗಳನ್ನು ಸೆರೆಯಿಡಲಾಗುತ್ತದೆ. ಗೋಡೆಯನ್ನು ಹತ್ತಿ ದಾಟುವ ಶಕ್ತಿಯಿಲ್ಲದ ಎಲೆಕ್ಟ್ರಾನು, ಹೆಚ್ಚಿನ ವಿಭವವನ್ನು ಪ್ರಯೋಗಿಸಿದಾಗ ಅದನ್ನು ತೂರಿಕೊಂಡು ಒಳಹೋಗುತ್ತದೆ. ಕ್ವಾಂಟಮ್ ವಿಜ್ಞಾನದ ಸುರಂಗ ಪರಿಣಾಮವೆಂದರೆ ಇದೇ. ಪ್ರತಿ ಬರವಣಿಗೆಯಿಂದಲೂ ಗೋಡೆ ಅಷ್ಟಿಷ್ಟು ಸವೆಯುವುದರಿಂದ ಇದೂ ಅಮರವಲ್ಲ.

ಇನ್ನು ಕಾರ್ಯಾಚರಣ ವ್ಯವಸ್ಥೆಯ ಮಾತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವನ್ನು ಬೇಡುತ್ತದೆ. ಬಹಳ ಹಳೆಯ ಯಂತ್ರಗಳಲ್ಲಿ ಅದಿಲ್ಲ. ಅಂಥವಕ್ಕೆ, 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಉಚಿತವಾಗಿ ಒದಗುತ್ತದೆ.

ಕೆಲಸಕ್ಕೆ ಕೈಹಾಕುವ ಮುನ್ನ ಟಿಪ್ಪಣಿ, ಚಿತ್ರ, ಪ್ರಬಂಧಗಳೆಲ್ಲದರ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು; ಯಂತ್ರವನ್ನು ಮತ್ತೆ ಕೊಳ್ಳಬಹುದು, ಮೂರು ವರ್ಷದ ಟಿಪ್ಪಣಿಯನ್ನಲ್ಲ. ಹೊಸ ವ್ಯವಸ್ಥೆಯನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಯಂತ್ರವನ್ನು ಆರಿಸಿ, ಚಾರ್ಜರನ್ನು ಕಳಚಿ, ಸಾಧ್ಯವಿದ್ದರೆ ಬ್ಯಾಟರಿಯನ್ನೂ ತೆಗೆಯಬೇಕು. ಬರಿಯ ಲೋಹವೊಂದನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಮೇಲೆ ತಿರುಪುಗಳನ್ನು ಬಿಚ್ಚಿ, ಹಳೆಯ ಡಿಸ್ಕನ್ನು ಮೆಲ್ಲನೆ ಸರಿಸಿ ತೆಗೆದು, ಆ ಜಾಗಕ್ಕೆ ಅದೇ 2.5 ಅಂಗುಲದ ಸಾಟಾ ಎಸ್.ಎಸ್.ಡಿ.ಯನ್ನು ಕೂಡಿಸುವುದು. ಬಳಿಕ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ವ್ಯವಸ್ಥೆಯನ್ನು ಸ್ಥಾಪಿಸಬೇಕು. ಹಳೆಯ ಡಿಸ್ಕನ್ನು ಕೂಡಲೇ ಅಳಿಸದೆ, ಹೊಸದು ಸರಿಯಾಗಿ ನಡೆಯುವುದೆಂದು ಖಚಿತವಾಗುವವರೆಗೆ ಜೋಪಾನವಾಗಿಡುವುದು ಜಾಣತನ.

ಇದರಿಂದ ಪ್ರೊಸೆಸರಿನ ವೇಗವೇನೂ ಹೆಚ್ಚದು. ಅದು ಕಾಯುವುದು ಮಾತ್ರ ತಪ್ಪುತ್ತದೆ. ಮುದಿತನವೆಂದು ನಾವು ತಿಳಿದದ್ದರಲ್ಲಿ ಬಹುಪಾಲು ಈ ಕಾಯುವಿಕೆಯೇ ಆಗಿತ್ತು.