ದಣಿವಿಗೆ ಸ್ಕೋರ್‌ಕಾರ್ಡಿನಲ್ಲಿ ಕಾಲಂ ಇಲ್ಲ

2021ರ ಆಗಸ್ಟ್ 7, ಶನಿವಾರ. ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಚಿನ್ನ ಗೆದ್ದ ದಿನ ಅಂದ್ರೆ ಎಲ್ಲರಿಗೂ ನೆನಪಾಗ್ತದೆ. ಅದೇ ದಿನ ಬೆಳಿಗ್ಗೆ ನಡೆದದ್ದು ಮಾತ್ರ ಬಹಳ ಮಂದಿಗೆ ಮರೆತೇ ಹೋಗಿದೆ. ಆಗ ನಾವು ಆನ್‌ಲೈನ್ ಕ್ಲಾಸಿನ ಹುಡುಗರು, ಬೀಳಗಿಯ ಮನೆಗಳಲ್ಲೇ ಇದ್ದೆವು. ನಸುಕಿನಲ್ಲಿ ಎದ್ದು ಒಂದು ಮೊಬೈಲಿನ ಸುತ್ತ ನಾಲ್ಕು ಮಂದಿ ಕೂತು ಜೀವನದಲ್ಲಿ ಮೊದಲ ಸಲ ಗಾಲ್ಫ್ ನೋಡಿದೆವು. ಗಾಲ್ಫ್ ಮೈದಾನವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಬರ್ಡಿ ಅಂದ್ರೇನು, ಬೋಗಿ ಅಂದ್ರೇನು ಅಂತ ಆಟದ ನಡುವೆಯೇ ಹುಡುಕಿ ಕಲಿತೆವು. ಬೆಂಗಳೂರಿನ 23 ವರ್ಷದ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪದಕದ ಹತ್ತಿರ ಇದ್ದರು, ಅಷ್ಟು ಸಾಕಿತ್ತು.

ಹೊರಗಿನಿಂದ ಬಂದ ನಮ್ಮ ಗೆಳೆಯನ ಮುತ್ಯಾ ಸ್ವಲ್ಪ ಹೊತ್ತು ನಿಂತು ನೋಡಿ ಕೇಳಿದರು: "ಹುಲ್ಲಿನ ಮ್ಯಾಲ ಅಡ್ಡಾಡ್ಕೋತ ಒಂದ್ ಚೆಂಡು ಹೊಡ್ಯಾಕ ಏನ್ ದಣಿವು ಆಕ್ಕೈತೋ ತಮ್ಮಾ?"

ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗ ಮೆಕ್ಯಾನಿಕ್ಸ್, ಮೆಟೀರಿಯಲ್ ಸೈನ್ಸ್ ಅಂತ ಒಂದಿಷ್ಟು ಓದಿದ ಮೇಲೆ ಆ ಪ್ರಶ್ನೆಗೆ ಉತ್ತರ ಬರೆಯೋಣ ಅನ್ನಿಸಿತು.

ಒಂದೇ ಹೊಡೆತದ ಅಂತರ

ಮೊದಲು ಅವತ್ತಿನ ಲೆಕ್ಕ. ಕಸುಮಿಗಸೆಕಿ ಮೈದಾನದ ಪಾರ್ 71. ಅಂದರೆ ಒಳ್ಳೆಯ ಆಟಗಾರ್ತಿ 18 ಕುಳಿಗಳನ್ನು 71 ಹೊಡೆತಗಳಲ್ಲಿ ಮುಗಿಸಬೇಕು ಅನ್ನೋ ಅಂದಾಜು. ಅದಿತಿ ನಾಲ್ಕು ದಿನ ಹೊಡೆದದ್ದು 67, 66, 68, 68. ಒಟ್ಟು 269, ಪಾರ್‌ಗಿಂತ 15 ಕಡಿಮೆ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ 17 ಕಡಿಮೆ. ಬೆಳ್ಳಿಯ ಮೊನೆ ಇನಾಮಿ, ಕಂಚಿನ ಲಿಡಿಯಾ ಕೊ ಇಬ್ಬರೂ 16 ಕಡಿಮೆ. ನಾಲ್ಕು ದಿನದ ಆಟದ ಕೊನೆಗೆ ಪದಕಕ್ಕೂ ಅದಿತಿಗೂ ಉಳಿದ ಅಂತರ ಒಂದೇ ಒಂದು ಹೊಡೆತ. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದವರು ನಾಲ್ಕನೇ ಸ್ಥಾನಕ್ಕೆ ಬಂದಿದ್ದರು.

ಈ ಲೆಕ್ಕದಲ್ಲಿ ಕಾಣದ ಒಂದು ಸಂಗತಿ ಇದೆ. ಒಲಿಂಪಿಕ್ಸ್‌ಗೆ ಎರಡು ಮೂರು ತಿಂಗಳು ಮುಂಚೆ ಅದಿತಿಗೆ ಕೋವಿಡ್ ಆಗಿತ್ತು. ವಾಸಿಯಾದರೂ ಮೈಯಲ್ಲಿ ಮೊದಲಿನ ಶಕ್ತಿ ಇರಲಿಲ್ಲ, ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಆಡಿದ 60 ಮಂದಿಯಲ್ಲಿ ಡ್ರೈವ್ ದೂರದ ಪಟ್ಟಿಯಲ್ಲಿ ಅವರು ಬಹುತೇಕ ಕೊನೆಗಿದ್ದರು. ಮೇಲಿಂದ ಟೋಕಿಯೊದ ಆಗಸ್ಟ್ ಧಗೆ ಬೇರೆ. ಮೊದಲ ದಿನವೇ ಅಮೆರಿಕದ ಒಬ್ಬ ಆಟಗಾರ್ತಿಯ ಕ್ಯಾಡಿ ಬಿಸಿಲು ತಾಳದೆ ಆಟದ ನಡುವೆ ಬಿಟ್ಟು ಹೋಗಬೇಕಾಯ್ತು. ಕ್ಯಾಡಿ ಅಂದ್ರೆ ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವವರು. ಅದಿತಿಯ ಚೀಲ ಹೊತ್ತವರು ಅವರ ತಾಯಿ.

ಶಕ್ತಿ ಇಳಿದರೆ ಏನಾಗ್ತದೆ?

ವೃತ್ತಿಪರ ಆಟಗಾರ್ತಿಯ ಡ್ರೈವರ್ ಕೋಲಿನ ತಲೆ ಚೆಂಡಿಗೆ ತಾಗುವಾಗ ಅದರ ವೇಗ ಸುಮಾರು ಸೆಕೆಂಡಿಗೆ 42 ಮೀಟರ್. ತಲೆಯ ತೂಕ ಸುಮಾರು 200 ಗ್ರಾಂ. ಅರ್ಧ ಎಂ ವಿ ಸ್ಕ್ವೇರ್ ಹಾಕಿ ನೋಡಿ, 176 ಜೂಲ್ ಬರ್ತದೆ. ಇದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 46 ಗ್ರಾಂ ಚೆಂಡಿಗೆ ದಾಟುತ್ತದೆ, ಅದೂ ಅರ್ಧ ಮಿಲಿಸೆಕೆಂಡಿನೊಳಗೆ. ವೇಗ ಶೇ. 5ರಷ್ಟು ಇಳಿದರೆ ಶಕ್ತಿ ಸುಮಾರು ಶೇ. 10ರಷ್ಟು ಇಳೀತದೆ, ಯಾಕಂದ್ರೆ ಅಲ್ಲಿ ಸ್ಕ್ವೇರ್ ಇದೆ.

ಕೋಲಿನ ವೇಗ ಗಂಟೆಗೆ ಒಂದು ಮೈಲಿ ಕಡಿಮೆಯಾದರೆ ಚೆಂಡು ಸುಮಾರು ಎರಡೂವರೆ ಗಜ ಹಿಂದೆ ಬೀಳ್ತದೆ ಅನ್ನೋದು ಆಟದವರ ಅಂದಾಜು. ಐದು ಮೈಲಿ ಅಂದ್ರೆ ಹನ್ನೆರಡು ಗಜ ಹೋಯ್ತು. "ಇಷ್ಟೇನಾ?" ಅನ್ನಬೇಡಿ. ಹನ್ನೆರಡು ಗಜ ಹಿಂದಿನಿಂದ ಎರಡನೇ ಹೊಡೆತ ಹೊಡೆಯಲು ಇನ್ನೂ ಉದ್ದದ ಕೋಲು ಬೇಕು. ಉದ್ದದ ಕೋಲಿನಿಂದ ಹೊಡೆದ ಚೆಂಡು ತಗ್ಗಿನಲ್ಲಿ ಹಾರಿ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಬಿದ್ದ ಕೂಡಲೇ ನಿಲ್ಲದೆ ಉರುಳಿ ಹೋಗ್ತದೆ. ಒಂದು ಕಡೆ ಕಳೆದುಕೊಂಡ ಶಕ್ತಿಯ ಬಡ್ಡಿಯನ್ನು ಮುಂದಿನ ಹೊಡೆತದಲ್ಲೂ ಕಟ್ಟಬೇಕು.

ಅದಿತಿ ಆ ಬಡ್ಡಿಯನ್ನು ತೀರಿಸಿದ್ದು ಪಟ್ಟಿಂಗ್‌ನಲ್ಲಿ, ಅಂದರೆ ಕುಳಿಯ ಹತ್ತಿರ ಚೆಂಡನ್ನು ಮೆಲ್ಲಗೆ ಉರುಳಿಸುವ ಕೆಲಸದಲ್ಲಿ. ಕುಳಿಯ ಅಗಲ 108 ಮಿಲಿಮೀಟರ್. ಮೂರು ಮೀಟರ್ ದೂರದಿಂದ ಒಂದು ಡಿಗ್ರಿ ತಪ್ಪಿದರೆ ಚೆಂಡು ಕುಳಿಯ ಅಂಚಿಗೆ ಹೋಗಿ ಮುಟ್ಟುತ್ತದೆ. ಆರು ಮೀಟರ್ ಆದರೆ ಅರ್ಧ ಡಿಗ್ರಿ ತಪ್ಪಿದರೂ ಅದೇ ಕಥೆ. ಇಲ್ಲಿ ತೋಳ್ಬಲ ಬೇಡ. ಕಣ್ಣು, ಕೈ, ತಾಳ್ಮೆ, ನೆಲದ ಇಳಿಜಾರು ಓದುವ ತಲೆ ಬೇಕು. ಜ್ವರ ಅವರ ತೋಳಿನ ಶಕ್ತಿ ತಗೊಂಡಿತ್ತು, ತಲೆಯನ್ನು ಮುಟ್ಟಿರಲಿಲ್ಲ.

ಆದರೆ ಇನ್ನೊಂದು ಜಾತಿಯ ದಣಿವು ಇದೆ. ಅದು ಉಲ್ಟಾ ಕೆಲಸ ಮಾಡ್ತದೆ. ತೋಳನ್ನು ಬಿಟ್ಟು ತಲೆಗೇ ಕೈ ಹಾಕ್ತದೆ. ಅದು ಹುಟ್ಟೋದು ಪ್ರಯಾಣದಲ್ಲಿ.

ಸೋಮವಾರ ವಿಮಾನ, ಗುರುವಾರ ಆಟ

ಮಹಿಳೆಯರ ದೊಡ್ಡ ಗಾಲ್ಫ್ ಸರಣಿ ಎಲ್‌ಪಿಜಿಎ ಟೂರ್. ವರ್ಷಕ್ಕೆ 30ಕ್ಕೂ ಹೆಚ್ಚು ಪಂದ್ಯಾವಳಿಗಳು, ಅಮೆರಿಕ, ಯುರೋಪ್, ಏಷ್ಯಾ ಎಲ್ಲಾ ಕಡೆ. ಅದಿತಿ 2017ರಿಂದ ಇದರಲ್ಲಿ ಆಡ್ತಿದ್ದಾರೆ. ಒಂದು ವಾರದ ಸಾಮಾನ್ಯ ವೇಳಾಪಟ್ಟಿ ಹೀಗಿರ್ತದೆ: ಸೋಮವಾರ ಪ್ರಯಾಣ, ಮಂಗಳವಾರ ಹೊಸ ಮೈದಾನದಲ್ಲಿ ಅಭ್ಯಾಸ, ಬುಧವಾರ ಪ್ರಾಯೋಜಕರ ಅತಿಥಿಗಳ ಜೊತೆ ಆಟ, ಗುರುವಾರದಿಂದ ಭಾನುವಾರದವರೆಗೆ ಸ್ಪರ್ಧೆ. ದಿನಕ್ಕೆ 8ರಿಂದ 10 ಕಿಲೋಮೀಟರ್ ನಡಿಗೆ, ನಾಲ್ಕೈದು ತಾಸು ಬಿಸಿಲು. ಮತ್ತೆ ಸೋಮವಾರ ಬಂದರೆ ಇನ್ನೊಂದು ವಿಮಾನ.

ವರ್ಷದ ಆರಂಭದಲ್ಲಿ ಟೂರ್ ಫ್ಲೋರಿಡಾದಿಂದ ಥಾಯ್ಲೆಂಡಿಗೆ ಹೋಗ್ತದೆ. ಎರಡರ ನಡುವೆ ಸಮಯದ ವ್ಯತ್ಯಾಸ ಸರಿಯಾಗಿ 12 ತಾಸು. ಥಾಯ್ಲೆಂಡಿನಲ್ಲಿ ಬೆಳಿಗ್ಗೆ 8ಕ್ಕೆ ಮೊದಲ ಹೊಡೆತ ಹೊಡೆಯಲು ನಿಂತವಳ ಮೈಯೊಳಗಿನ ಗಡಿಯಾರದಲ್ಲಿ ಆಗ ರಾತ್ರಿ 8. ನಮ್ಮ ದೇಹದ ಗಡಿಯಾರ ದಿನಕ್ಕೆ ಹೆಚ್ಚೂಕಡಿಮೆ ಒಂದು ತಾಸು ಮಾತ್ರ ಸರೀತದೆ. ಅದರ ಸಹಜ ಸುತ್ತು 24 ತಾಸಿಗಿಂತ ಸ್ವಲ್ಪ ಉದ್ದ. ಹಾಗಾಗಿ ದಿನವನ್ನು ಉದ್ದ ಮಾಡುವ ಪಶ್ಚಿಮದ ಪ್ರಯಾಣ ಸ್ವಲ್ಪ ಸುಲಭ, ದಿನವನ್ನು ಮೊಟಕು ಮಾಡುವ ಪೂರ್ವದ ಪ್ರಯಾಣ ಕಷ್ಟ. ಸೋಮವಾರ ಹೊರಟವರಿಗೆ ಗುರುವಾರದೊಳಗೆ ಗಡಿಯಾರ ಹೊಂದಿಕೊಳ್ಳೋದು ಲೆಕ್ಕದಲ್ಲೇ ಆಗದ ಮಾತು.

ವಿಮಾನದ ಒಳಗಿನ ಗಾಳಿಯದು ಇನ್ನೊಂದು ಕಥೆ. ಕ್ಯಾಬಿನ್ ಒತ್ತಡ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರೋವಷ್ಟೇ ಇರ್ತದೆ. ಅಂದ್ರೆ ಮುಳ್ಳಯ್ಯನಗಿರಿ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಹದಿನಾಲ್ಕು ತಾಸು ಕೂತ ಹಾಗೆ. ಗಾಳಿಯಲ್ಲಿ ತೇವಾಂಶ ಎಷ್ಟೋ ಸಲ ಶೇ. 20ಕ್ಕೂ ಕಡಿಮೆ. ಗಂಟಲು, ಮೂಗು ಒಣಗ್ತವೆ. ಅದರ ಜೊತೆ ನಿದ್ದೆ ಕೆಟ್ಟರೆ ನೆಗಡಿ, ಕೆಮ್ಮು ಬಂದು ಸೇರಲು ತಡ ಇಲ್ಲ.

"ಹಂಗಿದ್ರ ಒಂದು ವಾರ ಬಿಟ್ರಾಯ್ತು" ಅಂತೀರಾ? ಇಲ್ಲೇ ಇರೋದು ಪೇಚು. ಗಾಲ್ಫ್ ಆಟಗಾರರಿಗೆ ತಿಂಗಳ ಸಂಬಳ ಇಲ್ಲ. ವಿಮಾನ, ವಸತಿ, ಕ್ಯಾಡಿಯ ಕೂಲಿ ಸಾಮಾನ್ಯವಾಗಿ ಅವರದೇ ಖರ್ಚು. ಎರಡು ದಿನದ ಆಟದ ನಂತರ 'ಕಟ್' ಆಗಿ ಸುಮಾರು ಅರ್ಧ ಮಂದಿ ಹೊರಗೆ ಬೀಳ್ತಾರೆ, ಬಿದ್ದವರಿಗೆ ಹೆಚ್ಚಿನ ಪಂದ್ಯಾವಳಿಗಳಲ್ಲಿ ಬಹುಮಾನದ ಹಣ ಸಿಗೋದಿಲ್ಲ. ಆಡದಿದ್ದರೆ ಅಂಕವೂ ಇಲ್ಲ. ಅಂಕ ಇಲ್ಲದಿದ್ದರೆ ಮುಂದಿನ ವರ್ಷ ಆಡುವ ಹಕ್ಕಿಗೇ ಕುತ್ತು. ಪಟ್ಟಿಯ ಮೇಲಿನವರು ವಿಶ್ರಾಂತಿ ತಗೋಬಹುದು, ಕೆಳಗಿನವರು ಜ್ವರದ ಮಾತ್ರೆ ನುಂಗಿ ಹೊರಡ್ತಾರೆ. ದಣಿವು ಎಲ್ಲರಿಗೂ ಒಂದೇ, ರಜೆ ಎಲ್ಲರಿಗೂ ಒಂದೇ ಅಲ್ಲ.

ತನಗೇ ಗೊತ್ತಾಗದ ದಣಿವು

ನಿದ್ದೆಗೆಟ್ಟ ದಣಿವು ತಲೆಗೆ ಏನು ಮಾಡ್ತದೆ ಅನ್ನೋದಕ್ಕೆ ಎರಡು ಅಧ್ಯಯನಗಳನ್ನು ನೋಡೋಣ. ಒಂದು 1997ರದು. 17 ತಾಸು ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿ ಶೇ. 0.03. ಅಂದ್ರೆ ಸಬ್‌ಮಿಷನ್ ಹಿಂದಿನ ರಾತ್ರಿ ಎರಡು ಗಂಟೆಗೆ ಲ್ಯಾಪ್‌ಟಾಪ್ ಮುಂದೆ ಕೂತ ನಾವೂ ಆ ಮಿತಿ ದಾಟಿದವರೇ!

ಇನ್ನೊಂದು 2003ರದು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ್ದು. ಎರಡು ವಾರ ದಿನಕ್ಕೆ ಆರೇ ತಾಸು ಮಲಗಲು ಬಿಟ್ಟವರ ಗಮನ, ಪ್ರತಿಕ್ರಿಯೆ ದಿನೇ ದಿನೇ ಕುಸೀತಾ ಹೋಯ್ತು. ವಿಚಿತ್ರ ಅಂದ್ರೆ "ನಿಮಗೆ ಎಷ್ಟು ನಿದ್ದೆ ಬರ್ತಿದೆ?" ಅಂತ ಕೇಳಿದರೆ ಅವರ ಉತ್ತರ ಕೆಲವೇ ದಿನಗಳಲ್ಲಿ ಒಂದೇ ಮಟ್ಟಕ್ಕೆ ಬಂದು ನಿಂತಿತ್ತು. ಕೆಲಸ ಹಾಳಾಗ್ತಿತ್ತು, ಹಾಳಾಗ್ತಿದೆ ಅನ್ನೋದು ಅವರಿಗೇ ಗೊತ್ತಾಗ್ತಿರಲಿಲ್ಲ.

ಗಾಲ್ಫ್‌ಗೆ ಇದು ಯಾಕೆ ಅಪಾಯ ನೋಡಿ. ಚೆಂಡು ಹನ್ನೆರಡು ಗಜ ಹಿಂದೆ ಬಿದ್ದರೆ ಕಣ್ಣಿಗೆ ಕಾಣ್ತದೆ, ಆಟಗಾರ್ತಿ ಕೋಲು ಬದಲಿಸಿ ಸರಿ ಮಾಡಿಕೊಳ್ತಾಳೆ. ಆದರೆ ತೀರ್ಮಾನವೇ ಒಂದು ಕೂದಲೆಳೆ ತಪ್ಪಿದರೆ? 200 ಮೀಟರ್ ದೂರಕ್ಕೆ ಒಂದು ಡಿಗ್ರಿ ತಪ್ಪು ಅಂದ್ರೆ ಮೂರೂವರೆ ಮೀಟರ್ ಆಚೆ, ಮರಳಿನ ಗುಂಡಿಯೊಳಗೆ. ಆಗ "ಗಾಳಿ ಬೀಸಿತು", "ಇವತ್ತು ಅದೃಷ್ಟ ಸರಿ ಇಲ್ಲ" ಅನ್ನಿಸ್ತದೆ. ನಿದ್ದೆಯ ಹೆಸರು ಯಾರೂ ಹೇಳೋದಿಲ್ಲ.

ಮೆಕ್ಯಾನಿಕಲ್ ಗೆಳೆಯರಿಗೆ ಇಷ್ಟರಲ್ಲಿ ಫಟೀಗ್ ಪಾಠ ನೆನಪಾಗಿರಬೇಕು. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳು ಯಾಕೆ ಮುರೀತವೆ ಅಂತ ಪರೀಕ್ಷೆ ಮಾಡಿದ. ಒಂದೇ ಸಲಕ್ಕೆ ಆರಾಮಾಗಿ ತಾಳುವ ಭಾರವೇ ಲಕ್ಷಗಟ್ಟಲೆ ಸಲ ಬಂದು ಹೋದರೆ ಉಕ್ಕು ಮುರೀತದೆ ಅಂತ ತೋರಿಸಿದ. ಬಿರುಕು ಸಣ್ಣದಾಗಿ ಹುಟ್ಟಿ, ಕಣ್ಣಿಗೆ ಕಾಣೋ ಹೊತ್ತಿಗೆ ಕೆಲಸ ಕೆಟ್ಟಿರ್ತದೆ. ಗಾಲ್ಫರ್‌ಗಳ ವರ್ಷವೂ ಹಾಗೇ. ಯಾವ ಒಂದು ಪ್ರಯಾಣವೂ ತಾಳಲಾರದಷ್ಟು ದೊಡ್ಡದಲ್ಲ, ಆದರೆ ಮೂವತ್ತು ವಾರ ಒಂದರ ಮೇಲೊಂದು ಬರ್ತವೆ. ಒಂದು ವ್ಯತ್ಯಾಸ ಮಾತ್ರ ಇದೆ. ಅಚ್ಚಿಗೆ ಬಿದ್ದ ಬಿರುಕು ಗಾಡಿ ನಿಲ್ಲಿಸಿ ಇಟ್ಟರೆ ಮುಚ್ಚಿಕೊಳ್ಳೋದಿಲ್ಲ. ಮನುಷ್ಯನದು ಮುಚ್ಚಿಕೊಳ್ತದೆ, ಆದರೆ ನಿಲ್ಲಿಸಿದರೆ ಮಾತ್ರ.

ನಿಲ್ಲಿಸಿದವರ ಉದಾಹರಣೆ

ಟೋಕಿಯೊದ ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಕಡೆ ಮತ್ತೆ ಬರೋಣ. 2022ರಲ್ಲಿ ಅವರ ತೋಳಿನಲ್ಲಿ ರಕ್ತ ಹೆಪ್ಪುಗಟ್ಟಿ ಶಸ್ತ್ರಚಿಕಿತ್ಸೆ ಆಯ್ತು, ತಿಂಗಳುಗಟ್ಟಲೆ ಆಟ ಬಿಟ್ಟರು. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೆ ಬಂದರು. 2024ರ ಏಪ್ರಿಲ್ ಹೊತ್ತಿಗೆ ಆಡಿದ ಐದು ಪಂದ್ಯಾವಳಿಗಳನ್ನು ಸತತವಾಗಿ ಗೆದ್ದಿದ್ದರು. ಆ ಸಾಧನೆ ಅವರಿಗಿಂತ ಮುಂಚೆ ನ್ಯಾನ್ಸಿ ಲೋಪೆಜ್, ಆನಿಕಾ ಸೊರೆನ್‌ಸ್ಟಾಮ್ ಇಬ್ಬರದು ಮಾತ್ರ. ಆರನೆಯದನ್ನು ಗೆದ್ದರೆ ಹೊಸ ದಾಖಲೆ. ಮುಂದಿನ ಪಂದ್ಯಾವಳಿ ಕೆಲವೇ ದಿನಗಳಲ್ಲಿತ್ತು. ಕೋರ್ಡಾ ದಣಿದಿದ್ದೇನೆ, ವಿಶ್ರಾಂತಿ ಬೇಕು ಅಂತ ಹೆಸರು ವಾಪಸ್ ತಗೊಂಡರು.

ಆಮೇಲೆ ಆಡಿದ ಪಂದ್ಯಾವಳಿಯಲ್ಲಿ ಅವರು ಗೆಲ್ಲಲಿಲ್ಲ, ದಾಖಲೆ ಆಗಲಿಲ್ಲ. ಅದರ ಮರುವಾರವೇ ಮತ್ತೆ ಗೆದ್ದರು. ವಿಶ್ರಾಂತಿ ತಗೊಂಡವರು ಯಾವಾಗಲೂ ಗೆಲ್ತಾರೆ ಅಂತ ನಾವು ಹೇಳ್ತಿಲ್ಲ. ಗೆಲ್ತಿರೋವಾಗಲೇ, ಇನ್ನೂ ಚೆನ್ನಾಗಿ ಇದೀನಿ ಅನ್ನಿಸ್ತಿರೋವಾಗಲೇ ನಿಲ್ಲಿಸಿದರಲ್ಲ, ಅದು ದೊಡ್ಡದು. ದಣಿದ ತಲೆ ತನ್ನ ದಣಿವನ್ನು ತಾನೇ ಅಳೆಯಲಾರದು ಅಂದ ಮೇಲೆ, "ಸುಸ್ತಾದಾಗ ನಿಲ್ಲಿಸ್ತೀನಿ" ಅನ್ನೋ ಯೋಜನೆ ಯೋಜನೆಯೇ ಅಲ್ಲ. ನಿಲ್ಲಿಸೋ ದಿನವನ್ನು ಮೊದಲೇ ಕ್ಯಾಲೆಂಡರಿನಲ್ಲಿ ಬರೆದಿಡಬೇಕು.

ನಮ್ಮ ಬೀಳಗಿ, ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳು ಇದನ್ನೇ ಮಾಡ್ತವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲು ರಾತ್ರಿ ಓಡ್ತವೆ. ಹಂಗಾಮು ಮುಗಿದ ಮೇಲೆ ಎಲ್ಲಾ ಬಿಚ್ಚಿ, ರೋಲರ್, ಬೇರಿಂಗ್ ಪರೀಕ್ಷೆ ಮಾಡಿ ಮತ್ತೆ ಜೋಡಿಸ್ತಾರೆ. ಯಂತ್ರ ಕೆಟ್ಟಿದೆ ಅಂತ ಬಿಚ್ಚೋದಲ್ಲ, ಕೆಡಬಾರದು ಅಂತ ಬಿಚ್ಚೋದು.

ಅದಿತಿಗೆ ಟೋಕಿಯೊದಲ್ಲಿ ಆ ಅವಕಾಶ ಇರಲಿಲ್ಲ. ಒಲಿಂಪಿಕ್ಸ್ ಯಾರ ಜ್ವರಕ್ಕೂ ಕಾಯೋದಿಲ್ಲ. ಇದ್ದ ಶಕ್ತಿಯಲ್ಲಿ, ಇದ್ದ ಕೋಲುಗಳಲ್ಲಿ ಲೆಕ್ಕ ಹಾಕಿ ಆಡಿದರು. ನಾಲ್ಕನೇ ಸ್ಥಾನ ಅನ್ನೋದನ್ನು ಇಷ್ಟೆಲ್ಲಾ ಗೊತ್ತಿದ್ದು ಓದಿದರೆ ಬೇರೆಯೇ ತೂಕ ಬರ್ತದೆ.

ಮೊನ್ನೆ ರಜೆಗೆ ಊರಿಗೆ ಹೋದಾಗ ಮುತ್ಯಾರ ಮುಂದೆ ಕೂತು ಇದನ್ನೆಲ್ಲ ಹೇಳಿದೆವು. ವಿಮಾನ, ಗಡಿಯಾರ, ಒಂದು ಡಿಗ್ರಿ, ಎಲ್ಲಾ. ಕೊನೆಗೆ ವಾರದ ವೇಳಾಪಟ್ಟಿ ಹೇಳುವಾಗ "ಸೋಮವಾರ ಪ್ರಯಾಣ" ಅಂದ ಕೂಡಲೇ ಅವರು ತಡೆದರು.

"ಸ್ವಾಮಾರ ನಾವು ಎತ್ತಿನ ಹೆಗಲ ಮ್ಯಾಲ ನೊಗ ಇಡೂದಿಲ್ಲ. ಅದು ದಣದೈತೋ ಇಲ್ಲೋ ಅಂತ ಕೇಳೂದೂ ಇಲ್ಲ. ಸ್ವಾಮಾರ ಅಂದ್ರ ಬಿಡೂದು, ಅಷ್ಟ. ಆ ಹುಡುಗಿಗೆ ಯಾರೂ ಒಂದ್ ಸ್ವಾಮಾರ ಕೊಡೂದಿಲ್ಲೇನು?"