ಎಣ್ಣೆಗೆ ಗಿಡದ ಕಾವಲು

ಆಸ್ಪತ್ರೆಯ ಹಿಂಬದಿಯಲ್ಲಿ ಡೀಸೆಲ್ ಜನರೇಟರು ನಿಂತಿರುತ್ತದೆ. ವಿದ್ಯುತ್ತು ಇರುವವರೆಗೂ ಅದರ ನೆನಪು ಯಾರಿಗೂ ಬಾರದು. ಅದರ ತೊಟ್ಟಿಯ ಇಂಧನವಾದರೋ ಸುಮ್ಮನೆ ಕುಳಿತಿರುವುದಿಲ್ಲ. ಗಾಳಿಯ ಆಮ್ಲಜನಕವು ತಿಂಗಳುಗಟ್ಟಲೆ ಅದನ್ನು ಕೆಡಿಸುತ್ತ, ಆಮ್ಲವನ್ನೂ ಅಂಟನ್ನೂ ಹುಟ್ಟಿಸುತ್ತಿರುತ್ತದೆ. ಶಸ್ತ್ರಚಿಕಿತ್ಸೆಯ ನಡುವೆ ದೀಪ ಆರಿದ ದಿನ ಈ ಅಂಟು ಫಿಲ್ಟರನ್ನು ಮುಚ್ಚಿದರೆ ಎಂಜಿನು ಓಡದು.

ಹೊಂಗೆ, ಸೋಯಾ ಮೊದಲಾದ ಎಣ್ಣೆಗಳಿಂದ ತಯಾರಿಸಿ ಡೀಸೆಲಿಗೆ ಬೆರಸುವ ಜೈವಿಕ ಡೀಸೆಲು ಇನ್ನೂ ಬೇಗ ಕೆಡುತ್ತದೆ. ಇದರ ಅಣುವಿನಲ್ಲಿ ಇಂಗಾಲದ ಪರಮಾಣುಗಳು ಉದ್ದಕ್ಕೆ ಸಾಲುಗಟ್ಟಿವೆ; ಸಾಲಿನಲ್ಲಿ ಅಲ್ಲಲ್ಲಿ ದ್ವಿಬಂಧಗಳಿವೆ. ಎರಡು ದ್ವಿಬಂಧಗಳ ನಡುವೆ ಸಿಕ್ಕಿದ ಇಂಗಾಲಕ್ಕೆ ತನ್ನ ಜಲಜನಕದ ಮೇಲೆ ಹಿಡಿತ ಬಹಳ ಸಡಿಲ. ಜಲಜನಕವನ್ನು ಕಳೆದುಕೊಂಡ ಅಣು ಆಮ್ಲಜನಕವನ್ನು ಹಿಡಿದು, ನೆರೆಯ ಅಣುವಿನ ಜಲಜನಕವನ್ನು ಕಸಿಯುತ್ತದೆ. ಆ ನೆರೆಯದು ಮತ್ತೊಂದರ ಮೇಲೆ ಬೀಳುತ್ತದೆ. ಹೀಗೆ ಕೇಡು ಸರಪಣಿಯಾಗಿ ಸಾಗುತ್ತದೆ.

ಹಾಗಾದರೆ ಬೀಜದೊಳಗಿನ ಎಣ್ಣೆ ಅಷ್ಟು ಬೇಗ ಏಕೆ ಕೆಡದು? ಗಿಡವು ಎಣ್ಣೆಯೊಡನೆ ಕಾವಲನ್ನೂ ಇಟ್ಟಿರುತ್ತದೆ. 'ಇ' ಜೀವಸತ್ವವೆಂದು ನಾವು ಕರೆಯುವ ಟೊಕೊಫೆರಾಲುಗಳು ತಮ್ಮ ಜಲಜನಕವನ್ನು ತಾವಾಗಿ ಕೊಟ್ಟು ಸರಪಣಿಯನ್ನು ಕಡಿಯುತ್ತವೆ. ಇಂಧನವನ್ನು ಬಟ್ಟಿಯಿಳಿಸಿ ಶುದ್ಧಗೊಳಿಸಿದರೆ ಈ ಕಾವಲೂ ಹೊರಟುಹೋಗುತ್ತದೆ. ಶುದ್ಧವಾದದ್ದೇ ಬೇಗ ಕೆಡುವುದು ವಿಚಿತ್ರವಲ್ಲವೆ?

ಹೋದ ಕಾವಲನ್ನು ಸಸ್ಯಗಳಿಂದಲೇ ಮರಳಿ ತರಬಹುದು. ರೋಸ್‌ಮರಿ ಎಲೆಯ ಸಾರ, ಗೇರುಬೀಜದ ಸಿಪ್ಪೆಯೆಣ್ಣೆಯ ಕಾರ್ಡನಾಲ್ ಇಂಥವು. ನಮಗೆ ಹೆಚ್ಚು ಹಿಡಿಸುವುದು ಅಳಲೆಕಾಯಿಯ ಒಗರು. ಚರ್ಮ ಹದಮಾಡಲು ಬಳಸುವ ಆ ಒಗರಿನಿಂದ ಗ್ಯಾಲಿಕ್ ಆಮ್ಲ ದೊರೆಯುತ್ತದೆ. ಆದರೆ ಅದು ಇಂಧನದಲ್ಲಿ ಚೆನ್ನಾಗಿ ಕರಗದು. 1786ರಲ್ಲಿ ಷೀಲೆ ಎಂಬ ರಸಾಯನಜ್ಞನು ಅದನ್ನು ಕಾಯಿಸಿ ಪೈರೊಗ್ಯಾಲಾಲನ್ನು ಪಡೆದನು. ಜೈವಿಕ ಡೀಸೆಲಿನಲ್ಲಿ ಇದು ಟೊಕೊಫೆರಾಲನ್ನು ಬಹುದೂರ ಹಿಂದೆ ಹಾಕುತ್ತದೆ; ಸಾವಿರಕ್ಕೆ ಒಂದು ಭಾಗ, ಅನೇಕವೇಳೆ ಅದಕ್ಕೂ ಕಡಮೆ, ಸಾಕು.

ಕಾವಲಿನ ಬಲವನ್ನು ಅಳೆಯುವ ಬಗೆ ಸೊಗಸಾಗಿದೆ. 110 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಂಧನದೊಳಕ್ಕೆ ಗಾಳಿಯೂದಿ, ಹೊರಬಂದ ಆವಿಯನ್ನು ಶುದ್ಧ ನೀರಿಗೆ ಬಿಡುತ್ತಾರೆ. ಕಾವಲು ಇರುವವರೆಗೆ ನೀರಿನ ವಿದ್ಯುದ್ವಾಹಕತೆ ಹೆಚ್ಚು ಬದಲಾಗದು. ಅದು ಮುಗಿದೊಡನೆ ಆಮ್ಲಗಳು ಬಂದು ವಾಹಕತೆ ಥಟ್ಟನೆ ಏರುತ್ತದೆ. ಯೂರೋಪಿನ ಮಾನಕದಂತೆ ಈ ಏರಿಕೆ 8 ಗಂಟೆಗೆ ಮೊದಲು ಕಾಣಕೂಡದು.

ಕಾವಲು ಸವೆದುಹೋಗುವಂಥದು. ಆದುದರಿಂದ ಇಂಧನ ಹೊಸದಾಗಿರುವಾಗಲೇ ಬೆರಸಬೇಕು. ಕೆಟ್ಟುದನ್ನು ಅದು ಸರಿಮಾಡದು. ತೊಟ್ಟಿಯ ತಳದ ನೀರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಬಾಧೆಯೇ ಬೇರೆ. ಅದಕ್ಕೆ ಆ ನೀರನ್ನು ಆಗಾಗ ಬಸಿಯಲೇಬೇಕು.